ಅಪ್ಪ ಹೋದ ಮೇಲೆ ಬ್ರಿಟನ್ನಿನ ಇನ್‌ಹೆರಿಟೆನ್ಸ್ ಟ್ಯಾಕ್ಸ್: ಎಕ್ಸಿಕ್ಯೂಟರ್ ಆದವರು ಹೇಗೆ ನಿಭಾಯಿಸಿದಿರಿ?

ಕೇಳಿದವರು, ಲೆಸ್ಟರ್:

ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡರು. 40 ವರ್ಷ ಇಲ್ಲೇ ಇದ್ದವರು. ಅಮ್ಮ ಮೊದಲೇ ಹೋಗಿದ್ದಾರೆ. ವಿಲ್‌ನಲ್ಲಿ ನನ್ನನ್ನೇ ಎಕ್ಸಿಕ್ಯೂಟರ್ ಮಾಡಿದ್ದಾರೆ, ಅಂದರೆ ಆಸ್ತಿಯ ಲೆಕ್ಕ ತೀರಿಸಿ ಹಂಚುವ ಹೊಣೆ ನನ್ನದು. ಮನೆ ಇದೆ, ಬ್ಯಾಂಕಿನಲ್ಲಿ ಸ್ವಲ್ಪ ದುಡ್ಡು, ಐಸಾ (ತೆರಿಗೆಯಿಲ್ಲದ ಉಳಿತಾಯ ಖಾತೆ), ಮೈಸೂರಲ್ಲಿ ಒಂದು ಸೈಟು. ಇನ್‌ಹೆರಿಟೆನ್ಸ್ ಟ್ಯಾಕ್ಸ್, ಅಂದರೆ ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ, ಬರುತ್ತಾ? ಬಂದರೆ ಎಷ್ಟರೊಳಗೆ ಕಟ್ಟಬೇಕು? ಸೈಟನ್ನೂ ತೋರಿಸಬೇಕಾ? ಒಬ್ಬ ಸಾಲಿಸಿಟರ್ ಇಡೀ ಆಸ್ತಿಯ ಮೇಲೆ ಪರ್ಸೆಂಟ್ ಕೇಳಿದರು. ನಾವೇ ಮಾಡಿಕೊಂಡವರು ಯಾರಾದರೂ ಇದ್ದೀರಾ?

ಉತ್ತರ, ಹ್ಯಾರೋದಿಂದ:

ನಾನೇ ಮಾಡಿದೆ. ಕಷ್ಟ ಅನ್ನುವುದಕ್ಕಿಂತ ತಾಳ್ಮೆಯ ಕೆಲಸ. ಆದರೆ ಮೊದಲು ತಾರೀಖು ಬರೆದಿಟ್ಟುಕೊಳ್ಳಿ. ತೀರಿಕೊಂಡ ತಿಂಗಳು ಬಿಟ್ಟು ಮುಂದಿನ ಆರನೇ ತಿಂಗಳ ಕೊನೆಯೊಳಗೆ ಟ್ಯಾಕ್ಸ್ ಕಟ್ಟಬೇಕು. ನಿಮಗೆ ಆಗಸ್ಟ್ 31. ಫಾರ್ಮು ಕಳಿಸಲು 12 ತಿಂಗಳು ಟೈಮ್ ಇದೆ, ಅದನ್ನು ನೋಡಿ ಜನ ಮೋಸ ಹೋಗುತ್ತಾರೆ. ದುಡ್ಡಿಗೆ ಮಾತ್ರ ಆರೇ ತಿಂಗಳು. ದಾಟಿದರೆ ಬಡ್ಡಿ, ಅದೂ ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ 4 ಪರ್ಸೆಂಟ್ ಸೇರಿಸಿ.

ಇಲ್ಲೊಂದು ತಮಾಷೆ ಇದೆ. ಪ್ರೊಬೇಟ್, ಅಂದರೆ ವಿಲ್ ಪ್ರಕಾರ ನಡೆಯಲು ಕೋರ್ಟು ಕೊಡುವ ಅನುಮತಿ, ಸಿಗದೆ ಅಪ್ಪನ ದುಡ್ಡು ಕೈಗೆ ಬರುವುದಿಲ್ಲ. ಟ್ಯಾಕ್ಸ್ ಕಟ್ಟದೆ ಪ್ರೊಬೇಟ್ ಸಿಗುವುದಿಲ್ಲ. ನಾನು ಎರಡು ರಾತ್ರಿ ನಿದ್ದೆ ಇಲ್ಲದೆ ಇದೇ ಯೋಚನೆ ಮಾಡಿದೆ. ದಾರಿ ಇದೆ. ಐಎಚ್‌ಟಿ423 ಅಂತ ಒಂದು ಫಾರ್ಮು. ತುಂಬಿ ಅಪ್ಪನ ಬ್ಯಾಂಕಿಗೆ ಕೊಟ್ಟರೆ ಅವರ ಖಾತೆಯಿಂದ ದುಡ್ಡು ನೇರವಾಗಿ ಇಲ್ಲಿಯ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಹೋಗುತ್ತದೆ. ಅದಕ್ಕೆ ಮೊದಲು ರೆಫರೆನ್ಸ್ ನಂಬರ್ ಬೇಕು, ಕಟ್ಟುವ ದಿನಕ್ಕೆ ಮೂರು ವಾರವಾದರೂ ಮುಂಚೆ ಕೇಳಿ. ಖಾತೆಯಲ್ಲಿ ಸಾಲದಿದ್ದರೆ ಮನೆಯ ಪಾಲಿನ ಟ್ಯಾಕ್ಸನ್ನು ವರ್ಷಕ್ಕೊಂದರಂತೆ 10 ಕಂತಿನಲ್ಲಿ ಕಟ್ಟಬಹುದು. ಮನೆ ಮಾರಿದ ದಿನ ಉಳಿದದ್ದೆಲ್ಲ ತೀರಿಸಬೇಕು.

ಟ್ಯಾಕ್ಸ್ ಬರುತ್ತಾ ಅಂದಿರಲ್ಲ. ಒಬ್ಬರಿಗೆ 3.25 ಲಕ್ಷ ಪೌಂಡ್ ಮಾಫಿ, 2009ರಿಂದ ಈ ಅಂಕಿ ಕದಲಿಲ್ಲ. ಮನೆ ಮಕ್ಕಳಿಗೋ ಮೊಮ್ಮಕ್ಕಳಿಗೋ ಹೋದರೆ ಇನ್ನೂ 1.75 ಲಕ್ಷ. ಅಮ್ಮ ತಮ್ಮದನ್ನು ಬಳಸದೆ ಹೋಗಿದ್ದರೆ ಅದೂ ಅಪ್ಪನಿಗೆ ಸೇರುತ್ತದೆ, ಒಟ್ಟು 10 ಲಕ್ಷದವರೆಗೆ. ಅದರ ಮೇಲಿನದಕ್ಕೆ 40 ಪರ್ಸೆಂಟ್. ಅಮ್ಮನ ಪಾಲು ತಾನಾಗಿ ಸೇರಲ್ಲ, ಕೇಳಿ ಪಡೆಯಬೇಕು. ಐಎಚ್‌ಟಿ402, ಮನೆಯದಕ್ಕೆ 435 ಮತ್ತು 436. ಟ್ಯಾಕ್ಸ್ ಸೊನ್ನೆ ಬಂದರೂ ಮನೆಯ ಮಾಫಿ ಬೇಕೆಂದರೆ ದೊಡ್ಡ ಫಾರ್ಮು, ಅಂದರೆ ಐಎಚ್‌ಟಿ400, ತುಂಬಲೇಬೇಕು.

402ರಲ್ಲಿ ಅಪ್ಪ ಅಮ್ಮನ ಮದುವೆಯ ದಿನ ಮತ್ತು ಊರು ಕೇಳುತ್ತಾರೆ. ಹಾಸನದ ಹಳ್ಳಿಯಲ್ಲಿ ಆದ ಮದುವೆ, ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಟ್ರಂಕಿನ ತಳದಲ್ಲಿ ಲಗ್ನಪತ್ರಿಕೆ ಸಿಕ್ಕಿತು. ತಾರೀಖಿದ್ದ ಮೂಲೆಯನ್ನೇ ಹುಳು ತಿಂದಿತ್ತು! ಉಳಿದಿದ್ದು ‘ರಾಕ್ಷಸ ಸಂವತ್ಸರ, ವೈಶಾಖ ಶುದ್ಧ’ ಅಷ್ಟೇ. ಊರಿನ ಅತ್ತೆಗೆ ಫೋನ್ ಮಾಡಿದೆ. ಅವರು ಜೋಯಿಸರನ್ನು ಕೇಳಿ, 1975ರ ಮೇ ತಿಂಗಳು ಅಂತ ಹೇಳಿ, ದಿನವನ್ನೂ ಹುಡುಕಿ ಕೊಟ್ಟರು. ಬ್ರಿಟನ್ನಿನ ತೆರಿಗೆ ಫಾರ್ಮಿಗೆ ಪಂಚಾಂಗ ನೋಡಿದ್ದು ನಮ್ಮ ಮನೆಯಲ್ಲೇ ಮೊದಲಿರಬೇಕು.

ನಮ್ಮ ಲೆಕ್ಕ ಹೀಗಿತ್ತು. ಮನೆ 8.5 ಲಕ್ಷ, ಬ್ಯಾಂಕು ಐಸಾ ಒಡವೆ ಎಲ್ಲ ಸೇರಿ 2.86 ಲಕ್ಷ. ಐಸಾಗೆ ಟ್ಯಾಕ್ಸ್ ಇಲ್ಲ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಬದುಕಿರುವವರೆಗೆ ಮಾತ್ರ. ಇದರ ಜೊತೆ ತಂಗಿ ಮನೆ ಕೊಳ್ಳುವಾಗ ಅಪ್ಪ 30,000 ಕೊಟ್ಟಿದ್ದರು, ಸಾಯುವುದಕ್ಕೆ ಐದು ವರ್ಷ ಮೊದಲು. ಏಳು ವರ್ಷದೊಳಗಿನ ದಾನ ಲೆಕ್ಕಕ್ಕೆ ಬರುತ್ತದೆ. ‘ಮೂರು ವರ್ಷ ದಾಟಿದೆ, ಟೇಪರ್ ಸಿಗುತ್ತೆ ಬಿಡಿ’ ಅಂತ ಸುಮಾರು ಜನ ಹೇಳಿದರು, ಅಂದರೆ ವರ್ಷ ಕಳೆದಂತೆ ದಾನದ ಮೇಲಿನ ಟ್ಯಾಕ್ಸ್ ಇಳಿಯುತ್ತೆ ಅಂತ. ಸುಳ್ಳು. ದಾನದ ಮೊತ್ತವೇ 3.25 ಲಕ್ಷ ದಾಟಿದರೆ ಮಾತ್ರ ಟೇಪರ್ ಉಪಯೋಗಕ್ಕೆ ಬರೋದು. ನಮಗೆ ಅದು ಸುಮ್ನೆ ಮಾಫಿಯನ್ನು ಅಷ್ಟು ಕಡಿಮೆ ಮಾಡಿತು.

ಆದರೆ ಅಪ್ಪ ಲೆಕ್ಕದ ಮನುಷ್ಯ. ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಹಾಲು, ಬಸ್ಸು, ಕೌನ್ಸಿಲ್ ಟ್ಯಾಕ್ಸ್, ಎಲ್ಲ ಕನ್ನಡದಲ್ಲಿ. ಪ್ರತಿ ತಿಂಗಳು 2ನೇ ತಾರೀಖು ‘ಅಕ್ಕನಿಗೆ 200’. ಪೆನ್ಷನ್ನಿನಿಂದ ಊರಿನ ಅತ್ತೆಗೆ ಕಳಿಸುತ್ತಿದ್ದದ್ದು. ಆದಾಯದಲ್ಲಿ ಉಳಿದದ್ದರಿಂದ, ಜೀವನಕ್ಕೆ ಕೊರತೆಯಾಗದ ಹಾಗೆ, ತಪ್ಪದೆ ಕೊಡುವುದಕ್ಕೆ ಬೇರೆಯೇ ಮಾಫಿ ಇದೆ. ಐಎಚ್‌ಟಿ403ರಲ್ಲಿ ವರ್ಷವಾರು ಆದಾಯ ಖರ್ಚು ಬರೆಯಬೇಕು. ನೋಟ್‌ಬುಕ್ ಇದ್ದದ್ದರಿಂದ ಬರೆದೆ. ಹಾಗಾಗಿ ದಾನಕ್ಕೆ ವರ್ಷಕ್ಕೆ ಸಿಗುವ 3,000ದ ಮಾಮೂಲಿ ಮಾಫಿ ಅತ್ತೆಯ ದುಡ್ಡಿಗೆ ಖರ್ಚಾಗದೆ ತಂಗಿಯ ದುಡ್ಡಿಗೆ ಉಳಿಯಿತು. ಹಿಂದಿನ ವರ್ಷದ್ದೂ ಸೇರಿ 6,000. ಲೆಕ್ಕಕ್ಕೆ ಬಂದದ್ದು 24,000. ಕೊನೆಗೆ 10 ಲಕ್ಷದ ಮೇಲೆ 1.6 ಲಕ್ಷ, ಟ್ಯಾಕ್ಸ್ 64,000 ಪೌಂಡ್.

ಒಡವೆ ಅಂದೆನಲ್ಲ. 1,500 ಪೌಂಡಿಗಿಂತ ಜಾಸ್ತಿ ಬಾಳುವ ವಸ್ತುವಿಗೆ ತಿಳಿದವರ ಹತ್ತಿರ ಬೆಲೆ ಕಟ್ಟಿಸಬೇಕು. ಅಮ್ಮನ ಬಳೆಗಳನ್ನು ಸ್ಟೀಲ್ ಡಬ್ಬಿ ಸಮೇತ ವೆಂಬ್ಲಿಯ ಈಲಿಂಗ್ ರೋಡಿಗೆ ಒಯ್ದೆ. ಮಾರಿದರೆ ಏನು ಬರುತ್ತೋ ಅದೇ ಬೆಲೆ. ಮಾಡಿಸುವಾಗ ಕೊಟ್ಟ ಮಜೂರಿ ನೆನೆಸಿಕೊಂಡು ಹೊಟ್ಟೆ ಉರಿಸಿಕೊಳ್ಳಬಾರದು. ಅಂತ್ಯಕ್ರಿಯೆಯ ಖರ್ಚು ಕಳೆಯಬಹುದು, ಬಾಕಿ ಬಿಲ್‌ಗಳನ್ನೂ ಕಳೆಯಬಹುದು. ನಿಮ್ಮ ಓಡಾಟಕ್ಕೆ ಸಂಬಳ ಹಿಡಿಯುವ ಹಾಗಿಲ್ಲ.

ಎಲ್ಲ ಕಳಿಸಿದ ಮೇಲೆ ಕೋಡ್ ಇರುವ ಪತ್ರ ಬರುತ್ತದೆ. ಅದು ಬಂದ ಮೇಲೇ ಪ್ರೊಬೇಟ್ ಅರ್ಜಿ.

ಉತ್ತರ, ಬರ್ಮಿಂಗ್‌ಹ್ಯಾಮ್‌ನಿಂದ:

ಸೈಟಿನ ಬಗ್ಗೆ ಮಾತ್ರ ಹೇಳುತ್ತೇನೆ. 2025ರ ಏಪ್ರಿಲ್ 6ರಿಂದ ನಿಯಮ ಬದಲಾಗಿದೆ. ಹಿಂದಿನ 20 ವರ್ಷದಲ್ಲಿ 10 ವರ್ಷ ಇಲ್ಲಿದ್ದವರಿಗೆ ಹೊರದೇಶದ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ. ಫಾರ್ಮಿನಲ್ಲಿ ತೋರಿಸಲೇಬೇಕು, ‘ಅಲ್ಲಿದೆ, ಯಾರಿಗೆ ಗೊತ್ತಾಗುತ್ತೆ’ ಅನ್ನಬೇಡಿ.

ಆದರೆ ಒಂದೇ ಆಸ್ತಿಗೆ ಎರಡೂ ಕಡೆ ಇಂಥ ತೆರಿಗೆ ಬೀಳದ ಹಾಗೆ ಭಾರತ ಮತ್ತು ಬ್ರಿಟನ್ ನಡುವೆ 1956ರ ಒಂದು ಒಪ್ಪಂದ ಇದೆ. ಭಾರತ 1985ರಲ್ಲೇ ತನ್ನ ಇಂಥದೇ ತೆರಿಗೆ, ಎಸ್ಟೇಟ್ ಡ್ಯೂಟಿ, ತೆಗೆದುಹಾಕಿತು. ಒಪ್ಪಂದ ಮಾತ್ರ ಇನ್ನೂ ಉಳಿದಿದೆ. ತೀರಿಕೊಂಡವರ ಡೊಮಿಸೈಲ್ ಭಾರತವೇ ಆಗಿದ್ದು, ಅಲ್ಲಿನ ಆಸ್ತಿ ಇಲ್ಲಿಯ ವಿಲ್ ಮೂಲಕ ಹೋಗದಿದ್ದರೆ, ಇಲ್ಲಿ ಅದಕ್ಕೆ ಟ್ಯಾಕ್ಸ್ ಇಲ್ಲ. ಡೊಮಿಸೈಲ್ ಅಂದರೆ ಪಾಸ್‌ಪೋರ್ಟ್ ಅಲ್ಲ. ಕೊನೆಗೆ ಊರಿಗೇ ಹೋಗಿ ನೆಲೆಸುತ್ತೇನೆ ಅನ್ನುವ ಗಟ್ಟಿ ಇರಾದೆ ಇತ್ತಾ ಅನ್ನುವುದು. ನನ್ನ ಮಾವ ಮೈಸೂರಿನಲ್ಲಿ ಮನೆ ಕಟ್ಟಿಸಿ, ವರ್ಷಕ್ಕೆ ನಾಲ್ಕು ತಿಂಗಳು ಅಲ್ಲೇ ಇರುತ್ತಿದ್ದರು, ಅಲ್ಲಿಗೆ ಬೇರೆ ವಿಲ್ ಬರೆದಿದ್ದರು. ನಿಮ್ಮ ತಂದೆ 40 ವರ್ಷ ಇಲ್ಲೇ ಇದ್ದರು ಅಂದರೆ ಸುಲಭ ಅಲ್ಲ. ಇದೊಂದಕ್ಕೆ ಗಂಟೆ ಲೆಕ್ಕದಲ್ಲಿ ವಕೀಲರ ಸಲಹೆ ತೆಗೆದುಕೊಳ್ಳಿ, ಇಡೀ ಆಸ್ತಿಗೆ ಪರ್ಸೆಂಟ್ ಕೊಡಬೇಕಿಲ್ಲ.

ಸೈಟಿಗೆ ಸರ್ಕಾರದ ಗೈಡೆನ್ಸ್ ವ್ಯಾಲ್ಯೂ ಹಾಕಿದರೆ ಆಗಲ್ಲ, ತೀರಿಕೊಂಡ ದಿನದ ಮಾರ್ಕೆಟ್ ಬೆಲೆ ಬೇಕು. ಅಲ್ಲಿ ಖಾತೆ ಬದಲಾವಣೆಗೆ ಇಲ್ಲಿಯ ಡೆತ್ ಸರ್ಟಿಫಿಕೇಟಿಗೆ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ) ಮಾಡಿಸಿ ಒಯ್ಯಿರಿ.

ಉತ್ತರ, ರೆಡಿಂಗ್‌ನಿಂದ:

ನನ್ನ ತಪ್ಪು ಹೇಳುತ್ತೇನೆ. ಮನೆಗೆ ಬೆಲೆ ಕಟ್ಟಿಸದೆ, ಪಕ್ಕದ ಬೀದಿಯ ಮನೆ ನೋಡಿ ಅಂದಾಜು ಹಾಕಿದೆ. ಪ್ರೊಬೇಟ್ ಬಂತು, ತಮ್ಮ ತಂಗಿಗೆ ದುಡ್ಡು ಹಂಚಿಬಿಟ್ಟೆ. ಕೆಲವೇ ತಿಂಗಳಲ್ಲಿ ಮನೆ 40,000 ಜಾಸ್ತಿಗೆ ಮಾರಾಟ ಆಯಿತು. ತೆರಿಗೆ ಇಲಾಖೆಯಿಂದ ಪ್ರಶ್ನೆ ಬಂತು, ಮೊದಲ ಅಂದಾಜೇ ಕಡಿಮೆ ಇತ್ತು ಅಂತ ಒಪ್ಪಿಕೊಂಡೆ. 16,000 ಇನ್ನೂ ಕಟ್ಟಬೇಕಾಯಿತು. ತಮ್ಮ ಅಷ್ಟರಲ್ಲಿ ಕಾರು ಕೊಂಡಾಗಿತ್ತು. ಎಕ್ಸಿಕ್ಯೂಟರ್ ಹೊಣೆ ಅಂದರೆ ನಮ್ಮ ಸ್ವಂತ ಜೇಬು. ಮನೆಯ ಬೆಲೆಯನ್ನು ಚಾರ್ಟರ್ಡ್ ಸರ್ವೇಯರ್ ಕೈಲೇ ಬರೆಸಿ, ಇಲಾಖೆಯ ಕೊನೆಯ ಪತ್ರ ಬರುವವರೆಗೆ ಪೂರ್ತಿ ಹಂಚಬೇಡಿ.

ಕೇಳಿದವರು, ಲೆಸ್ಟರ್:

ಎಲ್ಲರಿಗೂ ಥ್ಯಾಂಕ್ಸ್. ಆಗಸ್ಟ್ 31 ಫ್ರಿಜ್ ಮೇಲೆ ಅಂಟಿಸಿದ್ದೇನೆ. ಅಪ್ಪ ನೋಟ್‌ಬುಕ್ ಇಟ್ಟವರಲ್ಲ. ಆದರೆ ಬಿಸ್ಕತ್ತಿನ ಡಬ್ಬಿಯಲ್ಲಿ ಚೆಕ್‌ಬುಕ್ಕಿನ ಹಳೇ ಕೌಂಟರ್‌ಫಾಯಿಲ್‌ಗಳು ಸಿಕ್ಕಿವೆ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದಾರೆ. ಸಾಕಾಗುತ್ತಾ?

ಹ್ಯಾರೋದಿಂದ:

ಬ್ಯಾಂಕಿನಿಂದ ಏಳು ವರ್ಷದ ಸ್ಟೇಟ್‌ಮೆಂಟ್ ಕೇಳಿ, ಪಕ್ಕದಲ್ಲಿಟ್ಟು ಒಂದೊಂದೇ ತಾಳೆ ನೋಡಿ. ರಬ್ಬರ್ ಬ್ಯಾಂಡ್ ಹುಷಾರಾಗಿ ಬಿಚ್ಚಿ. ಹಳೆಯದಾದರೆ ಕಾಗದಕ್ಕೆ ಅಂಟಿಕೊಂಡಿರುತ್ತದೆ, ಅಂಕಿಯೇ ಕಿತ್ತು ಬರುತ್ತದೆ.