ಸ್ಟಾರ್ಟ್ ಆಗುತ್ತದೆ, ಒಂದು ನಿಮಿಷಕ್ಕೆ ಆಫ್. ಹಳೇ ಮೋಟರ್‌ಹೋಮ್, ಸಾಕಾಗಿ ಹೋಗಿದೆ

ಚಕ್ರದಮನೆ:
ಎಲ್ಲರಿಗೂ ನಮಸ್ಕಾರ. ಗಾಡಿ 1978ರ ಮೋಟರ್‌ಹೋಮ್, ಅಂದರೆ ಒಳಗೇ ಮನೆ ಇರುವ ಗಾಡಿ. 8 ಸಿಲಿಂಡರ್ ಪೆಟ್ರೋಲ್ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್, ಎಂಜಿನ್ನಿಗೇ ಕಚ್ಚಿಕೊಂಡಿರುವ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್. ಒಂದೂವರೆ ವರ್ಷ ಸುಮ್ನೆ ನಿಂತಿತ್ತು. ಈಗ ಸೆಲ್ಫ್ ಹೊಡೆದರೆ ಚೆನ್ನಾಗಿ ಹತ್ತಿಕೊಳ್ಳುತ್ತದೆ, ಸದ್ದು ಕೇಳಿದರೆ ಏನೂ ತೊಂದರೆಯೇ ಇಲ್ಲ ಅನ್ನಬೇಕು, ಆಮೇಲೆ ಎರಡು ಸಲ ಮುಗ್ಗರಿಸಿ ಆಫ್. ತಕ್ಷಣ ಮತ್ತೆ ಹೊಡೆದರೆ ಬರುವುದಿಲ್ಲ. ತುಂಬಾ ಹೊತ್ತು ಸೆಲ್ಫ್ ತಿರುಗಿಸಿದರೆ ಹತ್ತುತ್ತದೆ, ಇಪ್ಪತ್ತು ಸೆಕೆಂಡಿಗೆ ಮತ್ತೆ ಅದೇ ಕಥೆ.

ಇಲ್ಲಿಯವರೆಗೆ ಪ್ಲಗ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಕಾಯಿಲ್, ಪೆಟ್ರೋಲ್ ಫಿಲ್ಟರ್ ಎಲ್ಲಾ ಹೊಸದು ಹಾಕಿಸಿದೆ. ಕಾರ್ಬೊರೇಟರ್ ಬಿಚ್ಚಿಸಿ ರಿಪೇರಿ ಕಿಟ್ ಕೂಡ ಹಾಕಿಸಿದೆ. ದುಡ್ಡು ಹೋಯಿತು, ರೋಗ ಹೋಗಲಿಲ್ಲ. ಈಗ ಮೆಕ್ಯಾನಿಕ್ ಹೊಸ ಕಾರ್ಬೊರೇಟರೇ ಬೇಕು ಅನ್ನುತ್ತಿದ್ದಾರೆ. ಅದಕ್ಕೆ ಮುಂಚೆ ಇಲ್ಲಿ ಒಂದು ಮಾತು ಕೇಳೋಣ ಅಂತ.

ಹದಿಮೂರರ_ಸ್ಪ್ಯಾನರ್:
ಸರ್, ದಯವಿಟ್ಟು ಇನ್ನೊಂದು ಸ್ಕ್ರೂ ಕೂಡ ಕೊಳ್ಳಬೇಡಿ. ಮೊದಲು ಒಂದು ವಾಚ್ ಹಿಡಿದುಕೊಂಡು, ಯಾವಾಗ ಸಾಯುತ್ತದೆ ಅಂತ ಸರಿಯಾಗಿ ನೋಡಿ. "ಸ್ಟಾರ್ಟ್ ಆಗಿ ಆಫ್" ಅನ್ನುವುದು ಒಂದೇ ಕಾಯಿಲೆ ಅಲ್ಲ.

ಕೀ ಬಿಟ್ಟ ಕ್ಷಣವೇ ಆಫ್ ಆದರೆ ಅದು ಕರೆಂಟಿನ ಕಥೆ. ಆ ಕಾಲದ ಎಷ್ಟೋ ಗಾಡಿಗಳಲ್ಲಿ, ಅದರಲ್ಲೂ ಡಾಡ್ಜ್ ಷಾಸಿಗಳಲ್ಲಿ, ಬ್ಯಾಲಸ್ಟ್ ರೆಸಿಸ್ಟರ್ ಅಂತ ಒಂದು ಬಿಳಿ ಪಿಂಗಾಣಿ ತುಂಡು ಇರುತ್ತದೆ. ಸೆಲ್ಫ್ ತಿರುಗುವಾಗ ಕಾಯಿಲ್‌ಗೆ ಕರೆಂಟು ಬೇರೆ ದಾರಿಯಲ್ಲಿ ನೇರವಾಗಿ ಹೋಗುತ್ತದೆ, ಕೀ ಬಿಟ್ಟ ಮೇಲೆ ಈ ತುಂಡಿನ ಮೂಲಕ ಹೋಗಬೇಕು. ಒಳಗಿನ ತಂತಿ ಸುಟ್ಟಿದ್ದರೆ ಎಂಜಿನ್ ಹತ್ತಿ, ಕೀ ಬಿಟ್ಟ ಕೂಡಲೇ ದೀಪ ಆರಿಸಿದ ಹಾಗೆ ಆಫ್. ಮುಗ್ಗರಿಸುವುದಿಲ್ಲ, ಕೆಮ್ಮುವುದಿಲ್ಲ.

ರೇಸ್ ಕೊಟ್ಟು ಹಿಡಿದರೆ ಓಡುತ್ತದೆ, ಕಾಲು ಎತ್ತಿದರೆ ಸಾಯುತ್ತದೆ ಅಂದರೆ ಐಡ್ಲಿಂಗ್ ದಾರಿ (ರೇಸ್ ಕೊಡದಾಗ ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿದೆ, ಅಥವಾ ಎಲ್ಲೋ ವ್ಯಾಕ್ಯೂಮ್ ಪೈಪು ಬಿಟ್ಟು ಗಾಳಿ ಎಳೆಯುತ್ತಿದೆ.

ನಿಮ್ಮದು ಇವೆರಡೂ ಅಲ್ಲ ಅಂತ ನನ್ನ ಅನಿಸಿಕೆ. ಒಂದು ನಿಮಿಷ ಓಡಿ, ಮುಗ್ಗರಿಸಿ, ಎರಡನೇ ಸಲ ಇನ್ನೂ ಬೇಗ ಸಾಯುತ್ತಿದೆ. ಕಾರ್ಬೊರೇಟರ್ ಬೌಲ್‌ನಲ್ಲಿ (ಅದರೊಳಗಿನ ಪುಟ್ಟ ಪೆಟ್ರೋಲ್ ಬಟ್ಟಲು) ಇದ್ದಷ್ಟು ಪೆಟ್ರೋಲ್ ಕುಡಿದು ಖಾಲಿಯಾಗುತ್ತಿದೆ, ಹಿಂದಿನಿಂದ ಬರುತ್ತಿಲ್ಲ. ರೇಸ್ ಕೊಟ್ಟರೆ ಬೇಗ ಸಾಯುತ್ತದಾ, ತಡವಾಗಿಯಾ?

ಇನ್ನೊಂದು ಪರೀಕ್ಷೆ, ಬಿಟ್ಟಿ. ಆಫ್ ಆದ ಕೂಡಲೇ ಕೀ ತೆಗೆದು, ಏರ್ ಫಿಲ್ಟರ್ ಎತ್ತಿ, ಕೈಯಿಂದ ಆಕ್ಸಿಲರೇಟರ್ ಲಿಂಕ್ ಎಳೆಯಿರಿ. ಒಳಗೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಬೌಲ್ ಒಣಗಿರುವ ಸಾಧ್ಯತೆಯೇ ಹೆಚ್ಚು. ಬೇರೆಯವರು ಸೆಲ್ಫ್ ಹೊಡೆಯುವಾಗ ಮಾತ್ರ ಅದರೊಳಗೆ ಇಣುಕಬೇಡಿ, ಬ್ಯಾಕ್‌ಫೈರ್ ಆದರೆ ಹುಬ್ಬು ಹೋಗುತ್ತದೆ. ನನ್ನದು ಒಂದು ಸಲ ಹೋಗಿತ್ತು, ನಗಬೇಡಿ.

ಚಕ್ರದಮನೆ:
ನೋಡಿದೆ ಸರ್. 70 ಸೆಕೆಂಡ್. ರೇಸ್ ಕೊಟ್ಟರೆ 40ಕ್ಕೇ ಆಫ್. ಲಿಂಕ್ ಎಳೆದರೆ ಒಂದು ಹನಿಯೂ ಇಲ್ಲ, ಪೂರ್ತಿ ಒಣ.

ಅರ್ಧಟ್ಯಾಂಕ್:
ಜನರೇಟರ್ ಇದೆಯಾ? ಇದ್ದರೆ ಓಡಿಸಿ ನೋಡಿ. ಅದೂ ಇದೇ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಅದು ಚೆನ್ನಾಗಿ ಓಡಿದರೆ ಟ್ಯಾಂಕು, ಪೈಪು ಎಲ್ಲಾ ಸರಿ ಇದೆ, ಪಂಪ್ ಹೋಗಿದೆ ಅಂತ ಲೆಕ್ಕ.

ಚಕ್ರದಮನೆ:
ಜನರೇಟರ್ ಅರ್ಧ ಗಂಟೆ ಓಡಿತು, ಏನೂ ತಕರಾರಿಲ್ಲ. ಹಾಗಾದರೆ ಪಂಪ್ ತರಿಸಲಾ?

ಹದಿಮೂರರ_ಸ್ಪ್ಯಾನರ್:
ತಡೀರಿ ತಡೀರಿ! ಅರ್ಧಟ್ಯಾಂಕ್ ಅವರು ಹೇಳಿದ್ದರಲ್ಲಿ ಅರ್ಧ ನಿಜ (ಹೆಸರಿಗೆ ತಕ್ಕ ಹಾಗೆ, ಬೇಜಾರಾಗಬೇಡಿ ಗುರುಗಳೇ). ಟ್ಯಾಂಕ್ ಒಂದೇ, ಆದರೆ ಜನರೇಟರ್ ಎಳೆಯುವ ಕೊಳವೆ ಸಾಮಾನ್ಯವಾಗಿ ಬೇರೆ. ಅದನ್ನು ಬೇಕಂತಲೇ ಗಿಡ್ಡ ಮಾಡಿರುತ್ತಾರೆ, ರಾತ್ರಿಯೆಲ್ಲಾ ಜನರೇಟರ್ ಓಡಿಸಿ ಬೆಳಿಗ್ಗೆ ಗಾಡಿಗೇ ಪೆಟ್ರೋಲ್ ಇಲ್ಲದ ಹಾಗೆ ಆಗಬಾರದು ಅಂತ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಜನರೇಟರ್ ನಿಂತುಹೋಗುವುದು ಅದಕ್ಕೇ. ಹಾಗಾಗಿ ಜನರೇಟರ್ ಓಡಿದ್ದರಿಂದ ಗೊತ್ತಾಗಿದ್ದು ಇಷ್ಟೇ: ಪೆಟ್ರೋಲ್ ತೀರಾ ಕೆಟ್ಟಿಲ್ಲ. ಎಂಜಿನ್ನಿನ ಪೈಪು ಸರಿ ಇದೆ ಅಂತ ಗೊತ್ತಾಗಲಿಲ್ಲ. ತಳದ ಕಸ, ನೀರು ಕೂಡ ಗಿಡ್ಡ ಕೊಳವೆಗೆ ಸಿಗುವುದಿಲ್ಲ, ಉದ್ದದ್ದಕ್ಕೆ ಸಿಗುತ್ತದೆ.

ಪಂಪ್‌ಗೆ ಒಳಗೆ ಬರುವ ಪೈಪು ಬಿಚ್ಚಿ, ಬೇರೆ ಪೈಪು ಹಾಕಿ, ಅದರ ತುದಿಯನ್ನು ಹೊಸ ಪೆಟ್ರೋಲ್ ಇರುವ ಕ್ಯಾನ್‌ನಲ್ಲಿ ಇಳಿಬಿಡಿ. ಕ್ಯಾನ್ ಹೊರಗೆ ನೆಲದ ಮೇಲಿರಲಿ. ಬಿಚ್ಚಿದ ಹಳೇ ಪೈಪಿನ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಹಾಕಿ. ಎಂಜಿನ್ ಓಡುತ್ತಲೇ ಇದ್ದರೆ ಪಂಪ್, ಕಾರ್ಬೊರೇಟರ್ ಎರಡೂ ಪಾಸ್, ರೋಗ ಹಿಂದೆ ಇದೆ. ಆಗಲೂ ಸತ್ತರೆ ಪಂಪ್ ನೋಡೋಣ.

ಗ್ಯಾಸ್_ಆಫ್_ಮಾಡಿ:
ಮಧ್ಯೆ ಬಾಯಿ ಹಾಕುತ್ತೇನೆ. ಇಂಥ ಗಾಡಿಗಳಲ್ಲಿ ಎಂಜಿನ್ ಮುಚ್ಚಳ ಎರಡು ಸೀಟಿನ ನಡುವೆ, ಅಂದರೆ ನೀವು ಮಲಗುವ ಮನೆಯೊಳಗೇ ತೆರೆದುಕೊಳ್ಳುತ್ತದೆ ಅಲ್ವಾ. ಫ್ರಿಜ್ಜಿಗೂ ವಾಟರ್ ಹೀಟರಿಗೂ ಗ್ಯಾಸಿನ ಸಣ್ಣ ಜ್ವಾಲೆ ಉರಿಯುತ್ತಿರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಅಲ್ಲಿಗೆ ಹೋಗುತ್ತದೆ. ಸಿಲಿಂಡರ್ ವಾಲ್ವ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ ಇಟ್ಟುಕೊಂಡು ಆಮೇಲೆ ಪೈಪು ಬಿಚ್ಚಿ. ಚಕ್ರಕ್ಕೆ ಅಡ್ಡ ಕೊಡುವುದನ್ನೂ ಮರೆಯಬೇಡಿ.

ಚಕ್ರದಮನೆ:
ಎಲ್ಲಾ ಬಂದ್ ಮಾಡಿ, ಕ್ಯಾನಿನಿಂದ ಕೊಟ್ಟೆ. ಹತ್ತು ನಿಮಿಷ ಓಡಿತು, ರೇಸ್ ಕೊಟ್ಟರೂ ಜಗ್ಗಲಿಲ್ಲ, ನಾನೇ ಆಫ್ ಮಾಡಬೇಕಾಯಿತು!! ಆದರೆ ಗಾಡಿ ಕೆಳಗೆ ಮಲಗಿ ನೋಡಿದೆ, ಟ್ಯಾಂಕಿನಿಂದ ಪಂಪ್‌ವರೆಗೆ ಎಲ್ಲೂ ಸೋರಿಲ್ಲ, ಒಂದು ಹನಿಯ ಕಲೆ ಕೂಡ ಇಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಕಟ್ಟಿರಬಹುದಾ?

ಹದಿಮೂರರ_ಸ್ಪ್ಯಾನರ್:
ಮುಚ್ಚಳ ಸಡಿಲ ಮಾಡಿ ಓಡಿಸಿ ನೋಡಿ, ಖರ್ಚಿಲ್ಲ. ಆದರೆ ಅಷ್ಟು ದೊಡ್ಡ ಟ್ಯಾಂಕಿನಲ್ಲಿ 70 ಸೆಕೆಂಡಿಗೆ ಅಷ್ಟು ಎಳೆತ ಕಟ್ಟುವುದಿಲ್ಲ, ಅದು ಸ್ವಲ್ಪ ದೂರ ಓಡಿದ ಮೇಲೆ ಕಾಟ ಕೊಡುವ ವಿಷಯ.

ಸೋರದೇ ಇರುವುದೇ ಇಲ್ಲಿನ ಮೋಸ. ಟ್ಯಾಂಕಿನಿಂದ ಪಂಪ್‌ವರೆಗಿನ ಪೈಪಿನಲ್ಲಿ ಪಂಪ್ ಪೆಟ್ರೋಲನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಅಲ್ಲಿ ರಬ್ಬರ್ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಬಿರುಕು ಬಿಟ್ಟ ಸ್ಟ್ರಾನಲ್ಲಿ ಜ್ಯೂಸ್ ಕುಡಿದ ಹಾಗೆ. ಉಕ್ಕಿನ ಪೈಪು ಬಿಟ್ಟು ರಬ್ಬರ್ ತುಂಡುಗಳನ್ನು ಮಾತ್ರ ನೋಡಿ. ಟ್ಯಾಂಕಿನ ತಲೆ ಮೇಲೆ ಒಂದು ಗಿಡ್ಡ ತುಂಡು ಇರುತ್ತದೆ, ಅದು ಕಾಣುವುದಿಲ್ಲ, ಕೈಯೂ ಹೋಗುವುದಿಲ್ಲ, ಅದಕ್ಕೇ ಅದನ್ನು ಯಾರೂ ಬದಲಾಯಿಸಿರುವುದಿಲ್ಲ. ಟ್ಯಾಂಕ್ ಸ್ವಲ್ಪ ಇಳಿಸಬೇಕಾಗುತ್ತದೆ. ಮೊದಲು ಪೆಟ್ರೋಲ್ ಖಾಲಿ ಮಾಡಿ, ತುಂಬಿದ ಟ್ಯಾಂಕನ್ನು ಜಾಕ್ ಮೇಲೆ ಇಳಿಸುವ ಸಾಹಸ ಬೇಡ.

ಹೊಸ ಪೈಪಿನ ಮೇಲೆ 30ಆರ್7 ಅಥವಾ 30ಆರ್9 ಅಂತ ಅಚ್ಚು ಇರಬೇಕು, ಅವು ಪೆಟ್ರೋಲ್ ಪೈಪಿನ ದರ್ಜೆಗಳು. ಎಥನಾಲ್ ಬೆರೆತ ಪೆಟ್ರೋಲಿಗೆ 9 ಒಳ್ಳೆಯದು. ಟ್ಯಾಂಕಿನ ಒಳಗೆ ಮುಳುಗುವ ತುಂಡು ಇದ್ದರೆ ಅದಕ್ಕೆ 30ಆರ್10 ಬೇರೆಯೇ ಬೇಕು, ಮಾಮೂಲಿ ಪೈಪಿನ ಹೊರಮೈ ಪೆಟ್ರೋಲಿನಲ್ಲಿ ಮುಳುಗಿರಲು ಮಾಡಿದ್ದಲ್ಲ.

ಚಕ್ರದಮನೆ:
ಎರಡು ಮಧ್ಯಾಹ್ನ ಹಿಡಿಯಿತು. ಟ್ಯಾಂಕ್ ನಾಲ್ಕು ಬೆರಳು ಇಳಿಸಿದಾಗ ಕಂಡಿತು, ಅಂಗೈ ಉದ್ದದ ತುಂಡು, ಬಗ್ಗಿಸಿದರೆ ಒಣ ಕೆಸರಿನ ಹಾಗೆ ಬಾಯಿ ಬಿಡುತ್ತದೆ. ಕ್ಲಿಪ್ ಕಂಪನಿಯಲ್ಲಿ ಹಾಕಿದ್ದೇ ಇರಬೇಕು. ಹೊಸದು ಹಾಕಿ ನಲವತ್ತು ನಿಮಿಷ ಓಡಿಸಿದೆ, ಐಡ್ಲಿಂಗ್ ಕೂಡ ಸರಿಯಾಗಿ ಕೂತಿದೆ. ಕಾರ್ಬೊರೇಟರ್ ಕಿಟ್ ನೆನೆದರೆ ಮಾತ್ರ ಹೊಟ್ಟೆ ಉರಿಯುತ್ತದೆ.

ಅರ್ಧಟ್ಯಾಂಕ್:
ಭೇಷ್. ಪಕ್ಕದಲ್ಲೇ ಜನರೇಟರ್ ಪೈಪು ಇರಬೇಕಲ್ಲ, ಅದೂ ಅದೇ ವಯಸ್ಸಿನದು. ಟ್ಯಾಂಕ್ ಇಳಿಸಿದಾಗಲೇ ಅದನ್ನೂ ಬದಲಾಯಿಸಿದಿರಾ?

ಚಕ್ರದಮನೆ:
...ಇಲ್ಲ. ಟ್ಯಾಂಕ್ ಮೇಲೇರಿಸಿ ಬೋಲ್ಟ್ ಬಿಗಿ ಮಾಡಿ ಕೈ ತೊಳೆದುಕೊಂಡು ಬಂದು ಇದನ್ನು ಓದುತ್ತಿದ್ದೇನೆ.