ಸಹಾಯ ಬೇಕು: ತೂಕವನ್ನು ದಿನವೂ ನೋಡಬೇಕೇ, ವಾರಕ್ಕೊಮ್ಮೆ ಸಾಕೇ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿರುವ ನನ್ನ ತಾಯಿಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ತೂಕ ಇಳಿಸಬೇಕೆಂದು ವೈದ್ಯರು ತಿಳಿಸಿದ್ದು, ಅವರು ಬೆಳಿಗ್ಗೆ ಅಮಾನಿಕೆರೆಯ ಬಳಿ ತಪ್ಪದೆ ನಡೆಯುತ್ತಾರೆ, ರಾತ್ರಿಯ ಮುದ್ದೆಯನ್ನೂ ಚಿಕ್ಕದು ಮಾಡಿದ್ದಾರೆ. ಆದರೆ ದಿನವೂ ತೂಕ ನೋಡಿಕೊಳ್ಳುವ ಅವರು, ಮುಳ್ಳು ಸ್ವಲ್ಪ ಮೇಲೇರಿದರೂ ಅಂದಿನ ತಿಂಡಿಯನ್ನೇ ಬಿಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಹೀಗೆ ಹಸಿದಿರುವುದು ನನಗೆ ನಿಜಕ್ಕೂ ಭಯ ತಂದಿದೆ.

ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ ದೇಹದಲ್ಲಿ ನೀರು ನಿಲ್ಲುವುದರಿಂದಲೂ, ಹೊಟ್ಟೆ ಸರಿಯಾಗಿ ಖಾಲಿಯಾಗದಿರುವುದರಿಂದಲೂ ತೂಕ 1 ಕಿಲೋದಷ್ಟು ಏರಿಳಿಯಬಹುದೆಂದೂ, 1 ಕಿಲೋ ಕೊಬ್ಬು ಸೇರಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕಾದ್ದರಿಂದ ಅದು ಒಂದೇ ರಾತ್ರಿಯಲ್ಲಿ ಆಗುವ ಮಾತಲ್ಲವೆಂದೂ ವಿವರಿಸಿದರೂ ಅವರಿಗೆ ಸಮಾಧಾನವಾಗುತ್ತಿಲ್ಲ.

ದಿನವೂ ಬರೆದಿಟ್ಟು ವಾರದ ಸರಾಸರಿ ನೋಡುವ ಕ್ರಮ ಕೆಲವರಿಗೆ ಒಗ್ಗುತ್ತದೆ, ನಿಜ. ಅಮ್ಮನಂತೆ ಬೇಗ ಕಳವಳಪಡುವವರಿಗೆ ವಾರಕ್ಕೊಮ್ಮೆ, ಪ್ರತಿ ವಾರವೂ ಒಂದೇ ದಿನದಂದು, ಶೌಚ ಮುಗಿಸಿ ಬರಿಹೊಟ್ಟೆಯಲ್ಲಿ ನೋಡುವುದೇ ಲೇಸೆಂದು ನನಗನ್ನಿಸುತ್ತದೆ. ಮನೆಯ ಹಿರಿಯರನ್ನು ಈ ಕ್ರಮಕ್ಕೆ ಒಪ್ಪಿಸಿದವರು ಹೇಗೆ ಒಪ್ಪಿಸಿದಿರಿ? ನಡುವಿನ ದಿನಗಳಲ್ಲಿ ಸೊಂಟದ ಅಳತೆಯನ್ನೋ ನಡಿಗೆಯ ಸಮಯವನ್ನೋ ಬರೆಸಿದರೆ ಅವರ ಗಮನ ಬೇರೆಡೆ ತಿರುಗುತ್ತದೆಯೇ? ಮಾತ್ರೆಯ ವಿಚಾರವನ್ನು ವೈದ್ಯರಲ್ಲಿಯೇ ಕೇಳುತ್ತೇನೆ. ತೂಕ ನೋಡುವ ಕುರಿತು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.