ಪದಚರ್ಚೆ: ‘ಲಾಸ್ ಅಂಡ್ ಡ್ಯಾಮೇಜ್’ ನಿಧಿಯನ್ನು ‘ಪರಿಹಾರ ನಿಧಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ಹವಾಮಾನ ಮಾತುಕತೆಗಳಲ್ಲಿ ಪುಟ್ಟ ದ್ವೀಪದೇಶಗಳು ಏನು ಕೇಳುತ್ತಿವೆ ಅನ್ನೋದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ವನುವಾಟು, ಟುವಾಲು, ಮಾಲ್ಡೀವ್ಸ್ ಎಲ್ಲ ಸೇರಿ 1990ರಲ್ಲಿ ಕಟ್ಟಿಕೊಂಡ ಕೂಟವೊಂದಿದೆ, ಈಗ 39 ಸದಸ್ಯರು. ಭೂಮಿಯ ಬಿಸಿ 1.5 ಡಿಗ್ರಿಗಿಂತ ಜಾಸ್ತಿ ಏರಬಾರದು ಅನ್ನುವ ಅವರ ಬೇಡಿಕೆಯನ್ನು ಕನ್ನಡದಲ್ಲಿ ಹೇಳುವುದು ಸುಲಭ. ನಾನು ತಡವರಿಸುತ್ತಿರುವುದು ‘ಲಾಸ್ ಅಂಡ್ ಡ್ಯಾಮೇಜ್’ ಹತ್ತಿರ, ಅಂದರೆ ಹವಾಮಾನ ಬದಲಾವಣೆಯಿಂದ ಕಳೆದುಕೊಂಡದ್ದು, ಕೆಟ್ಟದ್ದು ಎಲ್ಲಕ್ಕೂ ಆ ಮಾತುಕತೆಗಳಲ್ಲಿ ಬಳಸುವ ಹೆಸರು.

ಸಾಮಾನ್ಯವಾಗಿ ‘ನಷ್ಟ ಮತ್ತು ಹಾನಿ’ ಅಂತ ಬರೆಯುತ್ತಾರೆ. ಆದರೆ ಮಾತುಕತೆಯಲ್ಲಿ ಆ ಎರಡನ್ನೂ ಬೇರೆ ಬೇರೆಯಾಗಿ ನೋಡುವುದುಂಟು. ಹೋದರೆ ಮತ್ತೆ ಬಾರದ್ದು ಲಾಸ್, ರಿಪೇರಿ ಮಾಡಿಕೊಳ್ಳಬಹುದಾದದ್ದು ಡ್ಯಾಮೇಜ್. ಫಿಜಿಯ ವುನಿಡೊಗೊಲೊವಾ ಹಳ್ಳಿ ನೋಡಿ. ಸಮುದ್ರದ ಕಾಟ ತಾಳಲಾರದೆ 2014ರಲ್ಲಿ ಊರಿಗೆ ಊರೇ ಎತ್ತರದ ಜಾಗಕ್ಕೆ ಹೋಯಿತು. ಮನೆಗಳನ್ನು ಮತ್ತೆ ಕಟ್ಟಿಕೊಂಡರು. ಹಳೇ ಊರನ್ನು ಮತ್ತೆ ಕಟ್ಟೋಕಾಗಲ್ಲ ಅಲ್ವಾ? (ಅಲ್ಲಿನ ‘ವನುವಾ’ ಅನ್ನೋ ಮಾತಿಗೆ ನೆಲ, ಜನ, ಅವರ ನಡಾವಳಿ ಎಲ್ಲವೂ ಸೇರಿದ ಅರ್ಥವಿದೆ. ಅಂಥದ್ದಕ್ಕೆ ಬೆಲೆ ಕಟ್ಟುವವರು ಯಾರು?)

ನಮ್ಮ ಬಳಕೆ ಇದಕ್ಕೆ ಸರಿಯಾಗಿ ಉಲ್ಟಾ. ನಷ್ಟ ಅಂದರೆ ಮೊದಲು ನೆನಪಾಗುವುದು ದುಡ್ಡು. ಈ ಸಲ ಶುಂಠಿಯಲ್ಲಿ ನಷ್ಟ, ಮುಂದಿನ ಸಲ ಲಾಭ ಬರಬಹುದು. ವಾಪಸ್ ಬರದ್ದಕ್ಕೆ ನಾವು ಹೇಳುವುದೇ ಹಾನಿ: ಪ್ರಾಣಹಾನಿ. ಮಳೆಗಾಲದಲ್ಲಿ ತಾಲ್ಲೂಕು ಕಚೇರಿಯವರು ಬರೆದುಕೊಳ್ಳುವುದೂ ‘ಭಾಗಶಃ ಹಾನಿ’, ‘ಸಂಪೂರ್ಣ ಹಾನಿ’ ಅಂತಲೇ. ಹಾಗಾಗಿ ‘ಅಳಿವು ಮತ್ತು ಹಾನಿ’ ಅಂತ ಬರೆದರೆ ಹೇಗೆ? ‘ಅಳಿವು’ ಅಂದ ಕೂಡಲೇ ಓದುಗರಿಗೆ ಹುಲಿ, ರಣಹದ್ದು ನೆನಪಾದರೆ ಅನ್ನೋದೊಂದೇ ನನ್ನ ಅನುಮಾನ.

ಇದಕ್ಕಿಂತ ದೊಡ್ಡ ತೊಡಕು ನಿಧಿಯ ಹೆಸರಿನದು. 1991ರಲ್ಲೇ ವನುವಾಟು ಈ ಕೂಟದ ಪರವಾಗಿ ಒಂದು ಪ್ರಸ್ತಾಪ ಇಟ್ಟಿತ್ತು. ಸಮುದ್ರಮಟ್ಟ ಏರಿ ಆಗುವ ನಷ್ಟಕ್ಕೆ ಒಂದು ವಿಮಾ ನಿಧಿ ಬೇಕು, ದುಡ್ಡು ಹಾಕಬೇಕಾದವರು ಕೈಗಾರಿಕಾ ದೇಶಗಳು ಅಂತ. ಅದು ಒಪ್ಪಿಗೆಯಾಗಲಿಲ್ಲ. 2015ರ ಪ್ಯಾರಿಸ್ ಒಪ್ಪಂದದ 8ನೇ ವಿಧಿಯಲ್ಲಿ ಲಾಸ್ ಅಂಡ್ ಡ್ಯಾಮೇಜ್‌ಗೆ ಜಾಗವೇನೋ ಸಿಕ್ಕಿತು. ಆದರೆ ಜೊತೆಗಿನ ನಿರ್ಣಯದ 51ನೇ ಪ್ಯಾರಾದಲ್ಲಿ, ಈ ವಿಧಿಯನ್ನು ಹಿಡಿದುಕೊಂಡು ಹೊಣೆಗಾರಿಕೆಯನ್ನಾಗಲಿ ಪರಿಹಾರವನ್ನಾಗಲಿ ಕೇಳುವಂತಿಲ್ಲ ಅಂತ ಬಾಗಿಲು ಹಾಕಿದರು. ನೌರು, ಮಾರ್ಷಲ್ ದ್ವೀಪಗಳಂಥ ದೇಶಗಳು ಒಪ್ಪಂದಕ್ಕೆ ಸೇರುವಾಗ ‘ನಮ್ಮ ಕಾನೂನಿನ ಹಕ್ಕು ಬಿಟ್ಟುಕೊಟ್ಟಿಲ್ಲ’ ಅಂತ ಬೇರೆಯಾಗಿ ಬರೆದುಕೊಟ್ಟವು.

ಕೊನೆಗೆ 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ನಿಧಿ ಬೇಕೆಂದು ತೀರ್ಮಾನವಾಯಿತು, ಮರುವರ್ಷ ದುಬೈಯಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ಈಗ ಅದರ ಹೆಸರು ನೋಡಿ: ಲಾಸ್ ಅಂಡ್ ಡ್ಯಾಮೇಜ್‌ಗೆ ‘ಸ್ಪಂದಿಸುವ’ ನಿಧಿ! ನಮ್ಮ ಮಂತ್ರಿಗಳು ‘ಜನರ ಕಷ್ಟಕ್ಕೆ ಸ್ಪಂದಿಸುತ್ತೇವೆ’ ಅಂತಾರಲ್ಲ, ಥೇಟ್ ಹಾಗೆ. ಎಷ್ಟು ಕೊಡುತ್ತೇವೆ, ಯಾಕೆ ಕೊಡುತ್ತೇವೆ ಅನ್ನೋದು ಆ ಮಾತಿನಲ್ಲಿ ಇರೋದೇ ಇಲ್ಲ.

ಇದನ್ನು ಸುಮ್ನೆ ‘ಪರಿಹಾರ ನಿಧಿ’ ಅಂತ ಬರೆದರೆ, ಯಾವ ಮಾತು ಬೇಡವೆಂದು ಶ್ರೀಮಂತ ದೇಶಗಳು ಹಟ ಹಿಡಿದವೋ ಅದನ್ನೇ ಅವುಗಳ ಬಾಯಲ್ಲಿ ಹಾಕಿದ ಹಾಗಾಗುತ್ತದೆ. ಬೆಳೆ ಪರಿಹಾರದಲ್ಲಿ ಯಾರ ತಪ್ಪೂ ಇರುವುದಿಲ್ಲವಲ್ಲ ಅಂತ ನೀವು ಹೇಳಬಹುದು. ನಿಜ. ಆದರೆ ಅಪಘಾತದ ಕೇಸಿನಲ್ಲಿ ಕೋರ್ಟು ಕೊಡಿಸುವುದೂ ಪರಿಹಾರವೇ. ದ್ವೀಪದೇಶಗಳು ಕೇಳುತ್ತಿರುವುದು ಈ ಎರಡನೆಯದನ್ನು. ವನುವಾಟು ಮುಂದೆ ನಿಂತು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿದ್ದೂ ಅದಕ್ಕೇ. ಹವಾಮಾನದ ವಿಷಯದಲ್ಲಿ ತನ್ನ ಬಾಧ್ಯತೆ ಮುರಿದ ದೇಶ, ಕಾರಣ ಮತ್ತು ಹಾನಿಯ ನಂಟು ರುಜುವಾತಾದರೆ, ಪರಿಹಾರ ಕೊಡಬೇಕಾಗಿ ಬರಬಹುದು ಅಂತ ಆ ನ್ಯಾಯಾಲಯ 2025ರ ಜುಲೈ 23ರಂದು ಅಭಿಪ್ರಾಯ ಕೊಟ್ಟಿದೆ. ಒಂದೇ ಲೇಖನದಲ್ಲಿ ಅದೂ ಪರಿಹಾರ, ಇದೂ ಪರಿಹಾರ ಅಂದರೆ ಓದುಗರಿಗೆ ಜಗಳವೇ ಅರ್ಥವಾಗದು.

ಹಾಗಾಗಿ ‘ಪರಿಹಾರ’ವನ್ನು ನ್ಯಾಯಾಲಯದ ಮಾತಿಗೆ ಮಾತ್ರ ಇಟ್ಟುಕೊಳ್ಳೋಣ ಅಂತ ನನ್ನ ಯೋಚನೆ. ನಿಧಿಗೆ ‘ನೆರವು’ ಅಂದರೆ ದಾನದ ವಾಸನೆ ಬರುತ್ತದೆ, ದ್ವೀಪದವರಿಗೆ ಅದೂ ಇಷ್ಟವಿಲ್ಲ. ‘ಹಾನಿ ನಿಧಿ’ ಅಂತಷ್ಟೇ ಬರೆದರೆ ಸಾಕೇ? ತೀರಾ ಮೊಟಕಾಯಿತೇ?

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಉಳ್ಳಾಲ, ಸೋಮೇಶ್ವರದ ಕಡೆ ಕಡಲ್ಕೊರೆತ ಅನ್ನುತ್ತೀರಿ. ಅದು ಅಲೆ ದಡವನ್ನು ಕೊರೆಯುವ ಕೆಲಸದ ಹೆಸರು. ಕೊರೆದು ಕಡಲ ಪಾಲಾದ ಜಾಗಕ್ಕೆ ನಿಮ್ಮ ಆಡುಮಾತಿನಲ್ಲಿ, ತುಳು, ಕೊಂಕಣಿ, ಬ್ಯಾರಿಯಲ್ಲಾದರೂ ಸರಿ, ಬೇರೆ ಹೆಸರಿದೆಯೇ?